ಪುಟ್ಟಿ, ದುಡ್ಡು ಕೊಡೋ ಮುಂಚೆ ಆ ಕ್ಯಾಡಿಲಾಕ್ ಕೆಳಗೆ ಮಲಗಿ ನೋಡಿದ್ರಾ?

ಪುಟ್ಟಿ, ನಮ್ಮನೆಯವರ ಗ್ರೂಪಲ್ಲಿ ನಿನ್ನ ಮೆಸೇಜ್ ಬೆಳಿಗ್ಗೆ ಕಾಫಿ ಹೊತ್ತಲ್ಲೇ ನೋಡ್ದೆ ಕಣಮ್ಮ. ಟೈಪ್ ಮಾಡಕ್ಕೆ ನಂಗೆ ಬೆರಳು ಓಡಲ್ಲ, ಮಾತಾಡ್ತಾ ಹೋಗ್ತೀನಿ, ಫೋನೇ ಬರ್ಕೊಳ್ಳುತ್ತೆ, ತಪ್ಪಿದ್ರೆ ನೀವೇ ಸರಿ ಮಾಡ್ಕೊಂಡು ಓದ್ಕೊಳಿ. ಮಗ ಓಹಾಯೋದ ಟೊಲಿಡೋ ಹತ್ರ ಯಾರ್ದೋ ಮನೇಲಿ 1979ರ ಕ್ಯಾಡಿಲಾಕ್ ಸೆಡಾನ್ ಡಿ ವಿಲ್ ಕಾರು ನೋಡ್ಕೊಂಡು ಬಂದಿದಾನೆ, ಆರೂವರೆ ಸಾವಿರ ಡಾಲರ್ ಹೇಳ್ತಿದಾರೆ, ಶನಿವಾರ ಅಡ್ವಾನ್ಸ್ ಕೊಡ್ತಾನಂತೆ, ರಾತ್ರಿ ನಿದ್ದೆ ಬರ್ತಿಲ್ಲ, ಚಿಕ್ಕಪ್ಪ ನಿಮ್ಹತ್ರ ಅಂಥದ್ದೇ ಇತ್ತಲ್ಲ ಕೊಡ್ಸೋದಾ ಬೇಡ್ವಾ ಅಂತ ಕೇಳಿದೀಯ. ಅದರ ಕೆಳಗೆ ಎಲ್ರೂ ಹಾರ್ಟು ಬೆಂಕಿ ಎಲ್ಲಾ ಹಾಕಿದಾರೆ, ಫೋಟೋ ಚೆನ್ನಾಗಿದೆ ಅಂತ. ಫೋಟೋ ಚೆನ್ನಾಗೇ ಇರುತ್ತೆ ಪುಟ್ಟಿ, ಆ ಕಾರು ಮೇಲಿಂದ ಯಾವಾಗ ಚೆನ್ನಾಗಿ ಕಾಣ್ಸಲ್ಲ ಹೇಳು.

ನಮ್ಮ ಕಾರು 1978ರದ್ದು, ಅದೂ ಸೆಡಾನ್ ಡಿ ವಿಲ್ಲೇ, ನಿಮಗೆಲ್ಲಾ ಗೊತ್ತಲ್ಲ, ನೀಲಿ ಬಣ್ಣ, ಮೇಲೆ ಬಿಳೀ ವಿನೈಲ್ ಟಾಪು. 1985ರಲ್ಲಿ ಪಕ್ಕದ ಬೀದಿ ಅಜ್ಜನ ಹತ್ರ ತಗೊಂಡಿದ್ದು, ಅವರು ಕಾರಿನ ಪ್ಲಾಂಟಲ್ಲಿ ಕೆಲಸ ಮಾಡಿ ರಿಟೈರ್ ಆಗಿದ್ರು. ಇಲ್ಲೇ ಡೆಟ್ರಾಯಿಟ್ ಕ್ಲಾರ್ಕ್ ಸ್ಟ್ರೀಟಲ್ಲಿ ತಯಾರಾದ ಕಾರು, ಆ ಪ್ಲಾಂಟು 1987ರಲ್ಲಿ ಮುಚ್ಚಿಹೋಯ್ತು. ಹದಿನೆಂಟೂವರೆ ಅಡಿ ಉದ್ದ, 425 ಕ್ಯೂಬಿಕ್ ಇಂಚಿನ ಇಂಜಿನ್, ಅಂದ್ರೆ ಏಳು ಲೀಟರ್. ಅದೂ ಸಣ್ಣದು ಮಾಡಿದ ಮೇಲೆ! 1976ರ ಮಾಡೆಲ್ ಇದಕ್ಕಿಂತ ಒಂಬತ್ತು ಇಂಚಿಗೂ ಜಾಸ್ತಿ ಉದ್ದ ಇತ್ತು, ಇಂಜಿನ್ ಎಂಟು ಲೀಟರ್ ಮೇಲೆ, 1973ರಲ್ಲಿ ಪೆಟ್ರೋಲ್ ಸಿಗದೆ ಬಂಕಿನ ಮುಂದೆ ಕ್ಯೂ ನಿಂತ್ರಲ್ಲ, ಅದಾದ್ಮೇಲೆ 77ಕ್ಕೆ ಎಲ್ಲಾ ಇಳಿಸಿದ್ರು. ನಂಗೆ ಕೇಳಿದ್ರೆ 77ರಿಂದ 79ರ ಕಾರೇ ಎಲ್ಲಕ್ಕಿಂತ ಒಳ್ಳೇದು, ನಿನ್ನ ಮಗ ಆರಿಸಿರೋ ವರ್ಷ ಸರಿಯಾಗೇ ಇದೆ, ಅದರಲ್ಲಿ ಅವನನ್ನ ಬೈಬೇಡ. ಹುಡುಗನಿಗೆ ಕಣ್ಣಿದೆ. ಆದ್ರೆ ಮೇಲೆ ನೋಡೋ ಕಣ್ಣಿದೆ ಅಷ್ಟೆ.

ಕೇಳು, ಮೊದ್ಲೇ ಹೇಳ್ಬಿಡ್ತೀನಿ. ಕಾರಿನ ಕೆಳಗೆ ಮಲಗಿ ನೋಡದೆ ಒಂದು ಡಾಲರ್ ಕೊಡಬೇಡಿ. ಒಂದೇ ಒಂದು ಡಾಲರ್.

ನಿಂಗೆ ನೆನಪಿದೆಯೋ ಇಲ್ವೋ, ನೀನೂ ಆವತ್ತು ಆ ಕಾರಲ್ಲಿದ್ದೆ. 1990, ಯುಗಾದಿ ಆದ ಭಾನುವಾರ. ನಿಂಗೆ ಒಂಬತ್ತು ವರ್ಷ. ಅಮ್ಮ, ಅಂದ್ರೆ ನಿಮ್ಮಜ್ಜಿ, ಮೈಸೂರಿಂದ ಬಂದಿದ್ರು, ಅವರು ಅಮೆರಿಕಾಗೆ ಬಂದಿದ್ದು ಅದೊಂದೇ ಸಲ. ಟ್ರಾಯ್‌ನಲ್ಲಿರೋ ಭಾರತೀಯ ಟೆಂಪಲ್‌ಗೆ ಹೋಗಿ ಊಟ ಮುಗಿಸ್ಕೊಂಡು ವಾಪಸ್ ಬರ್ತಿದ್ವಿ, ಆರು ಜನ, ಹಿಂದೆ ನಿಮ್ಮಮ್ಮ, ನಿಮ್ಮ ಚಿಕ್ಕಮ್ಮ, ನಮ್ಮ ಹುಡುಗ, ಮುಂದೆ ನಾನು, ನಡುವೆ ನೀನು, ಬಾಗಿಲ ಕಡೆ ಅಮ್ಮ. ಮುಂದಿನ ಸೀಟಲ್ಲಿ ಮೂರು ಜನ ಆರಾಮಾಗಿ ಕೂತ್ಕೋಬಹುದಿತ್ತು ಆಗ, ಗೇರು ಸ್ಟೀರಿಂಗ್ ಹತ್ರ ಇರ್ತಿತ್ತಲ್ಲ. ಅಮ್ಮನ ತೊಡೆ ಮೇಲೆ ಸ್ಟೀಲ್ ಪಾತ್ರೆ, ಅದರಲ್ಲಿ ಉಳಿದಿದ್ದ ಒಬ್ಬಟ್ಟಿನ ಸಾರು, ಮೇಲೆ ತಟ್ಟೆ ಮುಚ್ಚಿ ಟವೆಲ್ ಕಟ್ಟಿದ್ರು. ಚೆಲ್ಲೋದು ಬೇಡ ಬಿಡಮ್ಮ ಅಲ್ಲೇ ಯಾರಿಗಾದ್ರೂ ಕೊಟ್ಬಿಡೋಣ ಅಂದ್ರೆ ಕೇಳ್ಲಿಲ್ಲ, ನಾಳೆಗೆ ಇನ್ನೂ ರುಚಿಯಾಗಿರುತ್ತೆ ಅಂತ.

75ನೇ ಹೈವೇಯಿಂದ 696ನೇ ಹೈವೇಗೆ ಬಂದು, ಆರ್ಚರ್ಡ್ ಲೇಕ್ ರೋಡ್ ಎಕ್ಸಿಟ್ ತಗೊಂಡೆ. ಮಳೆ ಅಲ್ಲ ಹಿಮ ಅಲ್ಲ, ಆ ಥರ ಪಿಚಿಪಿಚಿ. ರ‍್ಯಾಂಪ್ ತುದೀಲಿ ಸಿಗ್ನಲ್ ಕೆಂಪು, ಒಂದು ಟ್ರಕ್ ನಿಂತಿದೆ. ಬ್ರೇಕ್ ಒತ್ತಿದೆ. ಪೆಡಲ್ ಹೋಯ್ತು ಪುಟ್ಟಿ. ಹಳೇ ಮನೆ ಮೆಟ್ಟಿಲು ಕಾಲಡಿ ಕುಸಿಯುತ್ತಲ್ಲ ಹಾಗೆ ಹೋಯ್ತು, ನೆಲಕ್ಕೆ ಎರಡು ಬೆರಳು ಬಾಕಿ ಇರೋವಾಗ ಮುಂದಿನ ಚಕ್ರ ಸ್ವಲ್ಪ ಹಿಡಿದ ಹಾಗಾಯ್ತು, ಡ್ಯಾಶಲ್ಲಿ ಕೆಂಪು ದೀಪ ಹತ್ಕೊಳ್ತು. ಮುಂದಿನ ಬ್ರೇಕಿಗೊಂದು ಹಿಂದಿನ ಬ್ರೇಕಿಗೊಂದು ಅಂತ ಬ್ರೇಕ್ ಎಣ್ಣೆ ಹೋಗೋ ಲೈನು, ಅಂದ್ರೆ ಪೈಪು, ಬೇರೆ ಬೇರೆ ಇರುತ್ತೆ, ಹಿಂದಿನದು ಒಡೆದುಹೋಗಿತ್ತು. ಎರಡು ಸಾವಿರ ಕೆ.ಜಿ. ಹತ್ರದ ಗಾಡಿ, ಆರು ಜನ, ಮುಂದಿನ ಎರಡೇ ಚಕ್ರದಲ್ಲಿ ನಿಲ್ಲಬೇಕು. ಎಡಗಾಲಲ್ಲಿ ಪಾರ್ಕಿಂಗ್ ಬ್ರೇಕ್ ತುಳಿದೆ. ಅದು ತಂತಿಯಲ್ಲಿ ಎಳೆಯೋದು, ಎಣ್ಣೆ ಜೊತೆ ಸಂಬಂಧ ಇಲ್ಲ. ಆದ್ರೆ ಆ ಕಾರಲ್ಲಿ ಗೇರು ಡ್ರೈವಲ್ಲಿ ಇರೋವರೆಗೂ ಪಾರ್ಕಿಂಗ್ ಬ್ರೇಕ್ ಲಾಕ್ ಆಗಲ್ಲ, ಇಂಜಿನ್ ವ್ಯಾಕ್ಯೂಮ್, ಅಂದ್ರೆ ಇಂಜಿನ್ ಗಾಳಿ ಎಳೆಯೋ ಬಲ, ಅದನ್ನ ತಾನಾಗೇ ಬಿಡಿಸುತ್ತೆ, ಕಾಲು ತೆಗೆದ್ರೆ ಬಿಟ್ಟೇ ಹೋಗುತ್ತೆ. ಅಜ್ಜ ಕಾರು ಕೊಡೋವಾಗ ಅದನ್ನ ಹೇಳಿದ್ರು, ಪುಣ್ಯಾತ್ಮ, ತುಳಿದ ಕಾಲು ಎತ್ತಬೇಡ ಅಂತ. ಎರಡೂ ಕಾಲು ಒತ್ತಿ ಹಿಡಿದು ಬಲಕ್ಕೆ ಹುಲ್ಲಿಗೆ ಇಳಿಸ್ದೆ. ಟ್ರಕ್ಕಿನ ಹಿಂದಿನ ಬಂಪರ್ ಅಮ್ಮನ ಕಿಟಕಿ ಪಕ್ಕ ದಾಟಿಹೋಗಿದ್ದು ಇವತ್ತಿಗೂ ಕಣ್ಣಲ್ಲಿದೆ, ಒಂದು ಮೊಳ ಇತ್ತೋ ಇಲ್ವೋ.

ಯಾರಿಗೂ ಏನೂ ಆಗ್ಲಿಲ್ಲ. ಅಮ್ಮ ಒಂದು ಕೈಯಲ್ಲಿ ನಿನ್ನ ಎದೆಗೆ ಅಡ್ಡ ಹಿಡಿದಿದ್ರು, ಅದಕ್ಕೇ ಪಾತ್ರೆ ಬಿಟ್ಟುಹೋಯ್ತು. ಸಾರೆಲ್ಲ ಆ ನೀಲಿ ವೆಲ್ವೆಟ್ ಸೀಟ್ ಮೇಲೆ. ಕಾರು ನಿಂತಮೇಲೆ ಅವರು ಅಂದಿದ್ದು ಒಂದೇ ಮಾತು, ಮಗೂಗೆ ಬಿಸಿ ತಾಗಿಲ್ಲ ತಾನೆ. ನಾನು ಸ್ಟೀರಿಂಗ್ ಬಿಡಕ್ಕೇ ಆಗದೆ ಹಾಗೇ ಕೂತಿದ್ದೆ.

ಮಾರನೇ ದಿನ ಲಿಫ್ಟ್ ಮೇಲೆ ಎತ್ತಿ ನೋಡಿದ್ವಿ. ಹಿಂದಿನ ಎಡ ಚಕ್ರದ ಹತ್ರ ಫ್ರೇಮಿಗೆ, ಅಂದ್ರೆ ಕಾರಿನ ಅಡಿಯ ಉಕ್ಕಿನ ಚೌಕಟ್ಟಿಗೆ, ಬ್ರೇಕ್ ಪೈಪನ್ನ ಕ್ಲಿಪ್ ಹಾಕಿ ಕೂರಿಸಿರ್ತಾರೆ, ಆ ಕ್ಲಿಪ್ಪಿನ ಹಿಂದೆ ಮಣ್ಣು ಕಟ್ಟಿ, ಉಪ್ಪು ಸೇರಿ, ಸ್ಟೀಲ್ ಪೈಪು ಹಪ್ಪಳದ ಥರ ಆಗಿತ್ತು. ಉಗುರಲ್ಲಿ ಕೆರೆದ್ರೆ ಪದರ ಪದರವಾಗಿ ಬರ್ತಿತ್ತು. ನಮ್ಮ ಮಿಶಿಗನ್ ಗೊತ್ತಲ್ಲ, ಡೆಟ್ರಾಯಿಟ್ ಊರಿನ ಅಡೀಲೇ, ಸಾವಿರ ಅಡಿಗೂ ಕೆಳಗೆ, ಉಪ್ಪಿನ ಗಣಿ ಇದೆ, ನೂರು ವರ್ಷಕ್ಕೂ ಹಿಂದೆ ತೋಡಿದ್ದು. ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರೀತಾರೆ. ಓಹಾಯೋನೂ ಅಷ್ಟೆ, ಏನೂ ವ್ಯತ್ಯಾಸ ಇಲ್ಲ. ಅದಕ್ಕೇ ಟೊಲಿಡೋ ಅಂದ ತಕ್ಷಣ ನಂಗೆ ಎದೆ ಹೊಡ್ಕೊಳ್ತು.

ನಂದೂ ತಪ್ಪಿದೆ, ಹೇಳ್ಬೇಕು. ಆ ಚಳಿಗಾಲದಲ್ಲಿ ಎರಡು ಸಲ ಬ್ರೇಕ್ ಫ್ಲೂಯಿಡ್ ಕಮ್ಮಿ ಆಗಿತ್ತು, ತುಂಬಿಸಿ ಮುಚ್ಚಳ ಹಾಕಿ ಸುಮ್ಮನಾದೆ. ಭದ್ರವಾಗಿ ಮುಚ್ಚಿರೋ ಎಣ್ಣೆ ತಾನಾಗೇ ಎಲ್ಲಿಗೆ ಹೋಗುತ್ತೆ, ಇಂಜಿನಿಯರ್ ಆದೋನಿಗೆ ಅಷ್ಟು ಯೋಚನೆ ಬರ್ಬೇಕಿತ್ತು. ಅದರ ಹಿಂದಿನ ವರ್ಷ ಒಂದು ಗ್ಯಾರೇಜಲ್ಲಿ ತುಕ್ಕು ಬರಬಾರದು ಅಂತ ಕೆಳಗೆಲ್ಲಾ ಕರೀ ಟಾರ್ ಹೊಡೆಸಿದ್ದೆ. ಅವರು ತುಕ್ಕು ಕೆರೆಯದೆ ಅದರ ಮೇಲೇ ಹೊಡೆದುಬಿಟ್ಟಿದ್ರು. ಮೇಲೆ ಕರಿ ಬಣ್ಣ ಪಳಪಳ, ಒಳಗೆ ಉಪ್ಪುನೀರು ಸಿಕ್ಕಾಕೊಂಡು ತಿಂತಾ ಇತ್ತು. ಆದ್ದರಿಂದ ಈಗಲೂ ಹಳೇ ಕಾರಿನ ಕೆಳಗೆ ಹೊಸ ಕರೀ ಬಣ್ಣ ಕಂಡ್ರೆ ನಾನು ಮುಂದಕ್ಕೆ ಮಾತೇ ಆಡಲ್ಲ.

ಅದಕ್ಕೇ ಹೇಳಿದ್ದು, ಮತ್ತೆ ಹೇಳ್ತೀನಿ, ಕಾರಿನ ಕೆಳಗೆ ಮಲಗಿ ನೋಡದೆ ಒಂದು ಡಾಲರ್ ಕೊಡಬೇಡಿ. ಕ್ರೋಮ್ ಎಷ್ಟು ಹೊಳೀತಿದೆ, ಸೀಟು ಎಷ್ಟು ಮೆತ್ತಗಿದೆ ಅನ್ನೋದು ಆಮೇಲೆ.

ಅಷ್ಟಾದ್ರೂ ನಾನು ಆ ಕಾರು ಬಿಡ್ಲಿಲ್ಲ. ಲೈನೆಲ್ಲಾ ಬದಲಾಯಿಸಿ ಇನ್ನೂ ಏಳು ವರ್ಷ ಓಡಿಸ್ದೆ. ಅದರಲ್ಲಿ ಕೂತವರಿಗೆ ಗೊತ್ತು ಯಾಕೆ ಅಂತ. ರಸ್ತೆ ಹಳ್ಳಕ್ಕೆ ಬಿದ್ರೆ ಕಾರಿಗೆ ಗೊತ್ತಾಗ್ತಿತ್ತು, ನಮಗೆ ಗೊತ್ತಾಗ್ತಿರ್ಲಿಲ್ಲ. ಬಾಗಿಲು ಹಾಕಿದ್ರೆ ಬ್ಯಾಂಕಿನ ಲಾಕರ್ ಹಾಕಿದ ಹಾಗೆ ಧಪ್ ಅಂತ ಒಂದು ಸದ್ದು, ಆಮೇಲೆ ಹೊರಗಿನ ಲೋಕದ ಸದ್ದೇ ಇಲ್ಲ. ಬೇಸಿಗೇಲಿ ಬಿಸಿಲಿಗೆ ನಿಲ್ಲಿಸಿದ್ರೆ ಆ ಸೀಟಿಂದ ಬೆಲ್ಲ, ಏಲಕ್ಕಿ ವಾಸನೆ ಬರ್ತಿತ್ತು, ಎರಡು ಮೂರು ವರ್ಷ ಬಂತು. ನಾನು ಶಾಂಪೂ ಹಾಕಿಸ್ಲಿಲ್ಲ. ಬೇಕಂತಲೇ ಹಾಕಿಸ್ಲಿಲ್ಲ.

ಈಗ ಹೇಳ್ಲೇಬೇಕು, ಇಷ್ಟು ವರ್ಷ ಹೇಳಿಲ್ಲ. ಅಣ್ಣ, ನೀನೂ ಈ ಗ್ರೂಪಲ್ಲಿದೀಯ, ಕೇಳಿಸ್ಕೊಳೋದಾದ್ರೆ ಕೇಳಿಸ್ಕೋ. 1997ರಲ್ಲಿ ಅಮ್ಮ ಹೋದಾಗ ನಾನೊಬ್ಬನೇ ಮೈಸೂರಿಗೆ ಓಡಿದ್ದು, ನಿಂಗೆ ಆಪರೇಷನ್ ಆಗಿತ್ತು, ಬರಕ್ಕಾಗ್ಲಿಲ್ಲ, ಅದಕ್ಕೆ ನಂದೇನೂ ಇಲ್ಲ. ಹದಿಮೂರು ದಿನದ ಕೆಲಸ ಎಲ್ಲಾ ಮುಗಿಸಿ, ಮನೆ ಕಾಗದ ಪತ್ರ ನೋಡಿ, ಒಂದೂವರೆ ತಿಂಗಳಿಗೆ ವಾಪಸ್ ಬಂದ್ರೆ ಡ್ರೈವ್‌ವೇನಲ್ಲಿ ಕಾರಿಲ್ಲ. ಎಣ್ಣೆ ಸೋರಿದ ಕರೀ ಕಲೆ ಮಾತ್ರ ಇದೆ. ಸ್ಕ್ರ್ಯಾಪ್‌ನವರನ್ನ ಕರೆದು ಕೊಟ್ಬಿಟ್ಟಿದ್ರಿ, ನೂರೈವತ್ತು ಡಾಲರಿಗೆ. ಎಲ್ರೂ ಸೇರಿ ತೀರ್ಮಾನ ಮಾಡಿದ್ರಂತೆ, ನಾನು ಬರೋಷ್ಟರಲ್ಲಿ ಹೊಸ ಕಾರು ತಂದು ನಿಲ್ಲಿಸಿ ಖುಷಿ ಪಡಿಸೋಣ ಅಂತ. ಒಳ್ಳೇದಕ್ಕೇ ಮಾಡಿದ್ರಿ, ನಂಗೆ ಗೊತ್ತು. ಆದ್ರೆ ಒಂದು ಫೋನ್ ಮಾಡಬಹುದಿತ್ತು. ಅಮ್ಮ ಇಲ್ಲಿ ಕೂತಿದ್ದ ಜಾಗ ಅಂತ ನಂಗೆ ಇದ್ದಿದ್ದು ಅದೊಂದೇ. ಆ ಮನೇನೂ ಆಮೇಲೆ ಬದಲಾಯಿಸಿದ್ವಿ. ಈ ಗ್ರೂಪಲ್ಲಿ ಇರೋ ಅರ್ಧ ಜನ ಡೆಟ್ರಾಯಿಟ್ ಏರ್ಪೋರ್ಟಲ್ಲಿ ಇಳಿದ ಮೊದಲ ದಿನ ಆ ಕಾರಲ್ಲೇ ಮನೆಗೆ ಬಂದೋರು, ಆ ಡಿಕ್ಕೀಲಿ ನಾಲ್ಕು ದೊಡ್ಡ ಸೂಟ್‌ಕೇಸ್, ಮೇಲೆ ಉಪ್ಪಿನಕಾಯಿ ಡಬ್ಬ. ಯಾರ ಹತ್ರಾನೂ ಅದರ ಒಂದು ಫೋಟೋ ಇಲ್ಲ, ಕೇಳಿದೀನಿ. ಇದ್ರೆ ದಯವಿಟ್ಟು ಹಾಕಿ, ಮಸುಕಾಗಿದ್ರೂ ಪರವಾಗಿಲ್ಲ.

ಒಂದ್ನಿಮಿಷ ಇರಿ. ನಿಮ್ಮ ಚಿಕ್ಕಮ್ಮ ಒಳಗಿಂದ ಕೂಗ್ತಿದಾಳೆ, ಪುಟ್ಟಿ ಕೇಳಿದ್ದಕ್ಕೆ ಉತ್ತರ ಹೇಳ್ರೀ ಅಂತ. ಹೌದು, ಹೇಳ್ತೀನಿ.

ಕೊಡ್ಸು. ಬೇಡ ಅನ್ಬೇಡ. ಆದ್ರೆ ಅಡ್ವಾನ್ಸ್ ಕೊಡೋ ಮುಂಚೆ ಕಾರನ್ನ ಲಿಫ್ಟ್ ಇರೋ ಕಡೆ ಎತ್ತಿಸ್ಬೇಕು, ಮಾರೋರು ಒಪ್ಪಲ್ಲ ಅಂದ್ರೆ ಅಲ್ಲಿಗೇ ಬಿಡ್ಬೇಕು. ದೊಡ್ಡ ಸ್ಕ್ರೂಡ್ರೈವರ್ ತಗೊಂಡು ಫ್ರೇಮಿಗೆ ಚುಚ್ಚಿ ನೋಡ್ಲಿ, ಹಿಂದಿನ ಚಕ್ರದ ಮೇಲೆ ಫ್ರೇಮ್ ಬಾಗೋ ಕಡೆ ಮುಖ್ಯವಾಗಿ, ಟಕ್ ಅಂತ ಸದ್ದು ಬಂದ್ರೆ ಸರಿ, ಒಳಕ್ಕೆ ಹೋದ್ರೆ ಬೇಡ. ಬಂಪರಿಗೂ ಬಾಡಿಗೂ ನಡುವೆ ಪ್ಲಾಸ್ಟಿಕ್ ತುಂಡುಗಳು ಪುಡಿ ಆಗಿರ್ತವೆ, ಅದಕ್ಕೆ ಹೆದರ್ಕೋಬೇಡಿ, ಎಲ್ಲಾ ಕಾರಲ್ಲೂ ಆಗಿರುತ್ತೆ, ಹೊಸದು ಸಿಗುತ್ತೆ. ಬ್ರೇಕ್ ಲೈನ್ ಹೇಗೇ ಇರ್ಲಿ, ಚೆನ್ನಾಗೇ ಕಂಡ್ರೂ, ಪೂರ್ತಿ ಬಿಚ್ಚಿಸಿ ತಾಮ್ರ ನಿಕಲ್ ಮಿಶ್ರದ ಪೈಪು ಹಾಕಿಸ್ಬೇಕು, ಬರೀ ತಾಮ್ರದ್ದಲ್ಲ, ಜೊತೆಗೆ ಚಕ್ರದ ಹತ್ರದ ರಬ್ಬರ್ ಹೋಸ್‌ಗಳು. ಪೆಟ್ರೋಲ್ ಹೋಸ್‌ಗಳೂ ಹೊಸವಾಗ್ಬೇಕು, ಈಗಿನ ಪೆಟ್ರೋಲಲ್ಲಿ ಎಥನಾಲ್ ಇರುತ್ತೆ, ಆ ಕಾಲದ ರಬ್ಬರ್ ತಡೆಯಲ್ಲ. ಟೈರಿನ ಪಕ್ಕ ಕೊನೇ ನಾಲ್ಕು ಅಂಕಿ ನೋಡು, ವಾರ ಮತ್ತೆ ವರ್ಷ, 1812 ಅಂತಿದ್ರೆ 2012ರ ಹದಿನೆಂಟನೇ ವಾರದ್ದು, ಅಂಥ ಟೈರಲ್ಲಿ ಮನೆವರೆಗೂ ಓಡಿಸ್ಕೊಂಡು ಬರಬೇಡಿ, ಟ್ರಕ್ ಮೇಲೆ ಹಾಕ್ಸಿ ತರ್ಸಿ. ಇದೆಲ್ಲಕ್ಕೂ ದುಡ್ಡು ಬೇರೆ ಇಟ್ಕೊಂಡೇ ಆರೂವರೆ ಸಾವಿರದ ಚೌಕಾಸಿ ಮಾಡ್ಲಿ.

ಏರ್‌ಬ್ಯಾಗ್ ಇಲ್ಲ, ಹಿಂದಿನ ಸೀಟಲ್ಲಿ ಸೊಂಟದ ಬೆಲ್ಟ್ ಮಾತ್ರ. ನಿನ್ನ ತಂಗಿ ಮಕ್ಕಳನ್ನ ಅದರಲ್ಲಿ ಕೂರಿಸ್ಕೊಂಡು ಹೈವೇಗೆ ಹೋಗೋದು ಬೇಡ, ಇದನ್ನ ಅವನಿಂದ ಮಾತು ತಗೋ. ಚಳಿಗಾಲದಲ್ಲಿ ಉಪ್ಪು ಬಿದ್ದ ರಸ್ತೆಗೆ ತೆಗೀಲೇಬಾರದು. ಮಿಶಿಗನ್‌ನಲ್ಲಿ ಹಿಸ್ಟಾರಿಕ್ ಪ್ಲೇಟ್, ಅಂದ್ರೆ ಹಳೇ ಕಾರಿಗೆ ಕೊಡೋ ನಂಬರ್ ಪ್ಲೇಟ್, ತಗೊಂಡ್ರೆ ಶೋ, ಪೆರೇಡ್ ಅಂಥದ್ದಕ್ಕೆ ಮಾತ್ರ ಓಡಿಸ್ಬೇಕು, ಆಗಸ್ಟ್ ತಿಂಗಳೊಂದರಲ್ಲಿ ಹೇಗೆ ಬೇಕಾದ್ರೂ ಓಡಿಸಬಹುದು. ವುಡ್‌ವರ್ಡ್ ಡ್ರೀಮ್ ಕ್ರೂಸ್ ಅಂತ ಹಳೇ ಕಾರುಗಳ ಮೆರವಣಿಗೆ ಇರೋದೂ ಆಗಸ್ಟಲ್ಲೇ, ಅವನಿಗೆ ಅದೇ ಆಸೆ ಇರ್ಬೇಕು.

ಶನಿವಾರ ನಾನೂ ಬರ್ತೀನಿ. ಮಂಡಿ ನೋವು ಅಂತ ಯಾರೂ ಶುರು ಮಾಡ್ಬೇಡಿ. ಟೊಲಿಡೋ ಇಲ್ಲಿಂದ ಒಂದೂಕಾಲು ಗಂಟೆ. ಹಳೇ ಚಾಪೆ, ಟಾರ್ಚು, ಸ್ಕ್ರೂಡ್ರೈವರ್ ಎಲ್ಲಾ ನನ್ಹತ್ರ ಇದೆ, ಅವನು ಎಂಟು ಗಂಟೆಗೆ ಇಲ್ಲಿಗೆ ಬರ್ಲಿ, ನಿಮ್ಮ ಚಿಕ್ಕಮ್ಮ ಇಡ್ಲಿ ಮಾಡಿರ್ತಾಳೆ. ಮಾರೋರಿಗೆ ಇವತ್ತೇ ಫೋನ್ ಮಾಡಿ ಲಿಫ್ಟ್ ವಿಷಯ ಹೇಳ್ಬಿಡಕ್ಕೆ ಹೇಳು.