ರೇಖಾಗಣಿತಕ್ಕೆ ರೋಬೋ ಬಳಸಿದವರು ಅನುಭವ ಹೇಳ್ತೀರಾ?

ಪ್ರಶ್ನೆ: 8ನೇ ತರಗತಿಗೆ ಬಾಹ್ಯಕೋನ (ಆಕೃತಿಯ ಗೆರೆ ಮೇಲೆ ಹೋಗುವಾಗ ಮೂಲೆಯಲ್ಲಿ ತಿರುಗುವ ಕೋನ) ಕಲಿಸಲು ಪ್ರೋಗ್ರಾಂ ಮಾಡುವ ರೋಬೋ ಕೊಳ್ಳಬೇಕು ಅಂತಿದ್ದೇವೆ. ಸರ್ಕಾರಿ ಶಾಲೆ, 52 ಮಕ್ಕಳು. ಹಳೆ ವಿದ್ಯಾರ್ಥಿಗಳು 30,000 ಕೊಡ್ತಾರೆ. ಯಾವುದು ಒಳ್ಳೆಯದು?

ಹಾಸನದ ಮೇಷ್ಟ್ರು: ರೆಡಿಮೇಡ್ ಕಿಟ್ ಮಾತ್ರ ಬೇಡ ಸರ್. ನಾವು ಎರಡು ಕಿಟ್‌ಗೆ 27,400 ಕೊಟ್ಟೆವು, ಕೊರಿಯರ್ 380 ಬೇರೆ. ಬೇಸಿಗೆ ರಜೆ ಮುಗಿಸಿ ಬೀರು ತೆಗೆದರೆ ಬ್ಯಾಟರಿ ಉಬ್ಬಿ ಕೂತಿದೆ, ಹೊಸದಕ್ಕೆ 1,850 ಆಗುತ್ತೆ, ವಾರಂಟಿಗೆ ಬರಲ್ಲ ಅಂದರು, ಅಷ್ಟರಲ್ಲಿ ಚಾರ್ಜರ್ ಪಿನ್ ಮುರಿದು 640 ಹೋಯ್ತು, ಇನ್ನು ಆಪ್ ಅಪ್‌ಡೇಟ್ ಆದ ಮೇಲೆ ಶಾಲೆಯ ಹಳೆ ಟ್ಯಾಬ್‌ನಲ್ಲಿ ತೆರೆಯೋದೇ ಇಲ್ಲ. ಈಗ ತಪಾಸಣೆಗೆ ಬಂದವರಿಗೆ ತೋರಿಸೋಕೆ ಇಟ್ಟಿದ್ದೇವೆ.

ಸಾಗರದ ಟೀಚರ್: ಅದಕ್ಕೇ ನಾವೇ ಕಟ್ಟಿದ್ದು. ಪ್ರೋಗ್ರಾಂ ಹಾಕೋ ಚಿಕ್ಕ ಬೋರ್ಡ್ ಆರ್ಡುಯಿನೋದ ಕ್ಲೋನ್ (ನಕಲು) 450, ಹಳದಿ ಗೇರ್ ಮೋಟಾರ್ ಜೋಡಿ 140, ಎಲ್298ಎನ್ ಅನ್ನೋ ಮೋಟಾರ್ ಓಡಿಸುವ ಬೋರ್ಡ್ 160. ಹಳದಿ ಮೋಟಾರ್ ನಂಬಬೇಡಿ. ಎಡ ಚಕ್ರದ್ದೇ ಒಂದು ವೇಗ, ಬಲದ್ದೇ ಒಂದು. ಬ್ಯಾಟರಿ ಇಳಿದ ಹಾಗೆ 90 ಡಿಗ್ರಿ 80 ಆಗುತ್ತೆ, ಚೌಕ ಕೂಡಿಕೊಳ್ಳೋದೇ ಇಲ್ಲ. ಅದನ್ನು ಕಿತ್ತು 28ಬಿವೈಜೆ-48 ಸ್ಟೆಪ್ಪರ್ ಹಾಕಿದೆವು, ಅಂದ್ರೆ ಸಣ್ಣ ಸಣ್ಣ ಸಮ ಹೆಜ್ಜೆಯಲ್ಲಿ ತಿರುಗೋ ಮೋಟಾರ್. ಸುಮಾರು 2048 ಸ್ಟೆಪ್‌ಗೆ ಒಂದು ಸುತ್ತು. ತುಂಬಾ ನಿಧಾನ, ಆದರೆ ಕೋನ ಕರೆಕ್ಟ್. ಸಮಬಾಹು ತ್ರಿಭುಜಕ್ಕೆ ಮಕ್ಕಳು ತಿರುಗೋ ಕೋನ 60 ಅಂತಲೇ ಕೊಟ್ಟರು. ರಬ್ಬರ್ ಬ್ಯಾಂಡ್ ಸುತ್ತಿ ರೋಬೋಗೆ ಕಟ್ಟಿದ್ದ ಸ್ಕೆಚ್ ಪೆನ್ ಅರ್ಧ ಷಡ್ಭುಜ ಎಳೆದು ನಿಂತಿತು. ಒಬ್ಬಳು ಎದ್ದು ಬಂದು ತಾನೇ ಗೆರೆ ಮೇಲೆ ನಡೆದಳು, ಮೂಲೆಯಲ್ಲಿ ತಿರುಗಿ “ಮಿಸ್, 120!” ಅಂದಳು.

ಉಬುಂಟು ಅಭಿಮಾನಿ: ಇಷ್ಟಕ್ಕೆ ಮೋಟಾರ್ ಯಾಕ್ರೀ? ಪರದೆ ಮೇಲೆ ಆಮೆ ಓಡಿಸಿ ಗೆರೆ ಎಳೆಸೋ ಕೆಟರ್ಟಲ್ ಸಾಫ್ಟ್‌ವೇರ್ ಉಚಿತ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಅಂಥದ್ದೇ ಟರ್ಟಲ್ (ಆಮೆ) ಇದೆ. 144 ಡಿಗ್ರಿಯಂತೆ ಐದು ಸಲ ತಿರುಗಿಸಿ, ನಕ್ಷತ್ರ ಬರುತ್ತೆ. ರೋಬೋ ಸುಮ್ನೆ ಶೋಕಿ.

ಸಾಗರದ ಟೀಚರ್: ಶೋಕಿನಾ? ಗಣಿತಜ್ಞ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗಾಗಿ ಮಾಡಿದ ಲೋಗೋ ಅನ್ನೋ ಪ್ರೋಗ್ರಾಮಿಂಗ್ ಭಾಷೆ 1967ರದ್ದು. ಅದರ ಆಮೆ ಪರದೆ ಮೇಲೆ ಬರೋ ಮುಂಚೆ ನೆಲದ ಮೇಲೆ ಓಡಾಡಿದ ರೋಬೋನೇ. ನಿಮ್ಮೂರಲ್ಲಿ ಕರೆಂಟ್ ಹೋಗಲ್ಲ ಅನ್ಸುತ್ತೆ.

ಉಬುಂಟು ಅಭಿಮಾನಿ: ನಮ್ಮದೂ ಹಳ್ಳಿ ಶಾಲೆನೇ ಮೇಡಂ. ಯುಪಿಎಸ್ ಬ್ಯಾಟರಿಗೆ 13,500 ಆಯ್ತು, ದಾನಿಗಳ ಮನೆ ಮನೆ ತಿರುಗಿ ತಂದಿದ್ದೇನೆ.

ಹಾಸನದ ಮೇಷ್ಟ್ರು: 13,500 ಸುರಿದು “ಉಚಿತ” ಅಂತೀರಲ್ಲ ಸ್ವಾಮಿ!

ಉಬುಂಟು ಅಭಿಮಾನಿ: ಬೀರುವಿನಲ್ಲಿ ಬ್ಯಾಟರಿ ಉಬ್ಬಿಸಿದವರು ನನಗೆ ಲೆಕ್ಕ ಹೇಳಬೇಡಿ.

ಪ್ರಶ್ನೆ ಕೇಳಿದವರು: ಜಗಳ ಆಮೇಲೆ ಆಡಿ. ಸ್ಟೆಪ್ಪರ್ ಎಲ್ಲಿ ಸಿಗುತ್ತೆ?

ಸಾಗರದ ಟೀಚರ್: ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ. ಜಿಎಸ್‌ಟಿ ಬಿಲ್ ಕೇಳಿ ತಗೊಳ್ಳಿ, ಇಲ್ಲಾಂದ್ರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಸಾಕಾಗಿ ಹೋಗುತ್ತೆ.