ಮಕ್ಕಳ ಕೋಡಿಂಗ್ ಸ್ಪರ್ಧೆಗೆ ಬಾಹ್ಯಾಕಾಶದ ಸವಾಲು ಬೇಕು, ರಾಕೆಟ್ ಚಿತ್ರ ಅಂಟಿಸಿದ್ದು ಬೇಡ

ಲೂಪ್‌ಮೇಷ್ಟ್ರು:
ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕೋಡಿಂಗ್ ಸ್ಪರ್ಧೆ ಇಟ್ಟಿದ್ದೇನೆ. ಪೈಥಾನ್‌ನಲ್ಲಿ ಲೂಪ್, ಇಫ್, ಫಂಕ್ಷನ್ ಗೊತ್ತು, ಅದಕ್ಕಿಂತ ಜಾಸ್ತಿ ಇಲ್ಲ. ಬಾಹ್ಯಾಕಾಶ ಅಂದರೆ ಎಲ್ಲರೂ ಕಿವಿ ನಿಮಿರಿಸುತ್ತಾರೆ, ಆದರೆ ನೆಟ್‌ನಲ್ಲಿ ಸಿಕ್ಕಿದ್ದೆಲ್ಲ "ಗ್ರಹಗಳ ಹೆಸರನ್ನು ಅಕ್ಷರ ಕ್ರಮದಲ್ಲಿ ಜೋಡಿಸಿ" ಅನ್ನೋ ಥರದ್ದು. ಗ್ರಹ ತೆಗೆದು ತರಕಾರಿ ಹಾಕಿದರೂ ಅದೇ ಪ್ರೋಗ್ರಾಂ, ಅಲ್ವಾ? ಅಲ್ಲಿ ಮಾತ್ರ ಬರುವಂಥ ತೊಂದರೆ ಇರುವ ಸವಾಲು ಇದ್ದರೆ ಹೇಳಿ. ಎರಡು ಗಂಟೆಯಲ್ಲಿ ಮುಗಿಯಬೇಕು.

ಅರೆಕಕ್ಷೆ:
ಚಂದ್ರನ ಮೇಲೆ ಇಳಿಸೋದು ಕೊಡಿ. ಹಳೇದೇ, ಆದರೆ ಇದನ್ನು ಮೀರಿಸಿದ್ದು ನಾನು ನೋಡಿಲ್ಲ. ಎತ್ತರ 500 ಮೀಟರ್, ವೇಗ ಸೊನ್ನೆ, ಇಂಧನ ಇಷ್ಟೇ ಅಂತ ಶುರು ಮಾಡಿ. ಪ್ರತಿ ಸೆಕೆಂಡಿಗೂ ಬೀಳುವ ವೇಗಕ್ಕೆ ಚಂದ್ರನ ಗುರುತ್ವದ 1.62 ಸೇರಿಸುತ್ತಾ ಹೋಗಬೇಕು, ಎಂಜಿನ್ ಉರಿಸಿದರೆ ಕಳೆಯಬೇಕು. ಸುಮ್ನೆ ಬಿಟ್ಟರೆ ಸುಮಾರು 25 ಸೆಕೆಂಡಿಗೆ ನೆಲ ಮುಟ್ಟುತ್ತದೆ, ಆಗ ವೇಗ ಸೆಕೆಂಡಿಗೆ 40 ಮೀಟರ್, ಅಂದರೆ ಪುಡಿಪುಡಿ. ಮೊದಲ ಸಲ ಹೆಚ್ಚಿನವರು ಮೇಲಿಂದಲೇ ಎಂಜಿನ್ ಉರಿಸಿ ಅರ್ಧ ದಾರಿಯಲ್ಲೇ ಇಂಧನ ಖಾಲಿ ಮಾಡಿಕೊಳ್ಳುತ್ತಾರೆ. ತಡವಾಗಿ ಉರಿಸಿದರೆ ಉಳಿತಾಯ, ಆದರೆ ಎಷ್ಟು ತಡ? ಅದನ್ನು ಹುಡುಕೋದೇ ಮಜಾ.

ತಡಸಂದೇಶ:
ಒಳ್ಳೇದೇ, ಆದರೆ ಪ್ರತಿ ಸೆಕೆಂಡಿಗೂ ಕೀಲಿ ಒತ್ತಿ ಆಡಿಸಿದರೆ ಅದು ವಿಡಿಯೋ ಗೇಮ್ ಆಗುತ್ತದೆ. ಓಡಲು ಶುರುವಾದ ಮೇಲೆ ಕೀಬೋರ್ಡ್ ಮುಟ್ಟಬಾರದು ಅಂತ ನಿಯಮ ಹಾಕಿ. ನಾನಾದರೆ ಮಂಗಳದ ರೋವರ್ ಕೊಡುತ್ತೇನೆ. ಅಲ್ಲಿಗೆ ಸಂದೇಶ ತಲುಪಲು ದೂರ ನೋಡಿಕೊಂಡು 3ರಿಂದ 22 ನಿಮಿಷ ಬೇಕು, ಮರುಉತ್ತರಕ್ಕೆ ಇನ್ನೂ ಅಷ್ಟೇ. ಇಲ್ಲಿಂದ ಸ್ಟೀರಿಂಗ್ ತಿರುಗಿಸೋ ಮಾತೇ ಇಲ್ಲ. ಒಂದು ಚೌಕದ ನಕ್ಷೆ ಮಾಡಿ, ಕಲ್ಲು ಎಲ್ಲೆಲ್ಲಿವೆ ಅಂತ ಹೇಳಬೇಡಿ, ಎದುರಿನ ಒಂದೇ ಮನೆಯಲ್ಲಿ ಕಲ್ಲಿದೆಯಾ ಅಂತ ತಿಳಿಸುವ ಫಂಕ್ಷನ್ ಮಾತ್ರ ಕೊಡಿ. ಮೂರು ಕಡೆ ಮುಚ್ಚಿದ ಒಂದು ಸಂದಿ ಇಡಲು ಮರೆಯಬೇಡಿ. ಕಲ್ಲು ಕಂಡಾಗೆಲ್ಲ ಸುಮ್ನೆ ಬಲಕ್ಕೆ ತಿರುಗು, ಮತ್ತೆ ಗುರಿ ಕಡೆ ನಡೆ ಅಂತ ಬರೆದವರ ರೋವರ್ ಅಲ್ಲೇ ಗಿರಕಿ ಹೊಡೆಯುತ್ತಿರುತ್ತದೆ.

ಲೂಪ್‌ಮೇಷ್ಟ್ರು:
ರೋವರ್ ಇಷ್ಟವಾಯಿತು. ಆದರೆ ಒಂಬತ್ತನೇ ಕ್ಲಾಸಿನಲ್ಲಿ ಇಬ್ಬರಿಗೆ ಇದು ಅರ್ಧ ಗಂಟೆಯ ಕೆಲಸ. ಅವರಿಗೆ ಏನು ಕೊಡಲಿ?

ಪಿಕ್ಸೆಲ್‌ಪ್ರಿಯ:
ಅವರಿಗೆ ಬಾಹ್ಯಾಕಾಶ ನಿಲ್ದಾಣದ ವೇಗ ಕಂಡುಹಿಡಿಯಲು ಹೇಳಿ. ಯುರೋಪಿನ ಆಸ್ಟ್ರೋ ಪೈ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳ ಪ್ರೋಗ್ರಾಂ ನಿಜವಾಗಲೂ ಆ ನಿಲ್ದಾಣದಲ್ಲೇ ಓಡುತ್ತದೆ, ಅಲ್ಲಿ ಕೊಡುವ ಕೆಲಸ ಇದೇ. ಕೆಲವು ಸೆಕೆಂಡ್ ಅಂತರದಲ್ಲಿ ತೆಗೆದ ಎರಡು ಫೋಟೋದಲ್ಲಿ ಒಂದೇ ಜಾಗ ಎಷ್ಟು ಪಿಕ್ಸೆಲ್ ಸರಿದಿದೆ ನೋಡಿ, ಕಿಲೋಮೀಟರಿಗೆ ಬದಲಿಸಿ, ಸಮಯದಿಂದ ಭಾಗಿಸಬೇಕು. ಒಂದು ಕೊಕ್ಕೆ ಇದೆ. ನಿಜವಾದ ವೇಗ ಸೆಕೆಂಡಿಗೆ ಸುಮಾರು 7.66 ಕಿಮೀ, ಇವರಿಗೆ 7.2ರ ಆಸುಪಾಸು ಸಿಗುತ್ತದೆ. ಯಾಕಂದರೆ ಅಳೆದದ್ದು ನೆಲದ ಮೇಲಿನ ದೂರ, ನಿಲ್ದಾಣ ಸುತ್ತುವುದು ಸುಮಾರು 400 ಕಿಮೀ ಮೇಲಿನ ದೊಡ್ಡ ವೃತ್ತದಲ್ಲಿ. ಇದನ್ನು ಮೊದಲೇ ಬಾಯಿಬಿಡಬೇಡಿ.

ಅರೆಕಕ್ಷೆ:
ಹಾಗೇ ಒಬ್ಬರಿಗೆ ಅಡಿಯಲ್ಲಿ, ಇನ್ನೊಬ್ಬರಿಗೆ ಮೀಟರಿನಲ್ಲಿ ಅಳತೆ ಕೊಟ್ಟು ಇಬ್ಬರ ಕೋಡ್ ಜೋಡಿಸಲು ಹೇಳಿ 😄 1999ರಲ್ಲಿ ನಾಸಾದ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋಗಿದ್ದು ಇಂಥದ್ದರಿಂದಲೇ, ಒಂದು ತಂಡದ ಸಾಫ್ಟ್‌ವೇರ್ ಎಂಜಿನ್ ನೂಕುವ ಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತ್ತು, ಇನ್ನೊಂದು ಅದನ್ನು ನ್ಯೂಟನ್ ಅಂತ ಓದಿತು.

ಲೂಪ್‌ಮೇಷ್ಟ್ರು:
ಎಲ್ಲರಿಗೂ ರೋವರ್, ಆ ಇಬ್ಬರಿಗೆ ಫೋಟೋ. ಸಂದಿ ಇರುವ ನಕ್ಷೆ ಇವತ್ತೇ ಮಾಡುತ್ತೇನೆ.