ಸಿಬಿ (ಎರಡು ತಳಿ ಸೇರಿಸಿದ ಮಿಶ್ರತಳಿ ರೇಷ್ಮೆಹುಳ) ಗೂಡಿಂದ ಮನೇಲೇ ಮೊಟ್ಟೆ ತೆಗೆದ್ರೆ ಬೆಳೆ ಯಾಕೆ ಒಂದೇ ಸಮ ಬರಲ್ಲ? (ಮೈಟಾಸಿಸ್, ಮಿಯೋಸಿಸ್ ಅನ್ನೋ ಕೋಶ ವಿಭಜನೆ ಡೌಟ್)

ಸೊಪ್ಪಿನ_ತೋಟ:
ಎಲ್ರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯು, ಶಿಡ್ಲಘಟ್ಟ ಕಡೆ, ಮನೇಲಿ ಹುಳ ಸಾಕ್ತೀವಿ. ಮೈಟಾಸಿಸ್‌ನಲ್ಲಿ ವರ್ಣತಂತು (ಜೀನ್ ಹೊತ್ತಿರೋ ಎಳೆ) ಅಷ್ಟೇ ಇರುತ್ತೆ, ಮಿಯೋಸಿಸ್‌ನಲ್ಲಿ ಅರ್ಧ ಆಗುತ್ತೆ ಅಂತ ಬಾಯಿಪಾಠ ಆಗಿದೆ, ಹಂತಗಳ ಹೆಸರೂ ಬರುತ್ತೆ, ಆದ್ರೆ ಅದ್ರಿಂದ ಏನಾಗುತ್ತೆ ಅನ್ನೋದು ತಲೆಗೆ ಹತ್ತಿಲ್ಲ. ಹೋದ ಸಲ ನಮ್ಮ ಸಿಬಿ ಬೆಳೆ ಚೆನ್ನಾಗಿ ಬಂತು, ಮೈಸೂರು ತಳಿ ಹೆಣ್ಣಿಗೆ ಸಿಎಸ್‌ಆರ್2 ಅನ್ನೋ ತಳಿಯ ಗಂಡು ಸೇರಿಸಿದ್ದು, ಗೂಡೆಲ್ಲ ಒಂದೇ ಸಮ ಹಳದಿ. ಮಾರ್ಕೆಟ್‌ಗೆ ಹಾಕೋ ಮುಂಚೆ ಒಂದು ಹಿಡಿ ಗೂಡು ಎತ್ತಿಟ್ಟು, ಚಿಟ್ಟೆ ಬಂದ್ಮೇಲೆ ಪೇಪರ್ ಮೇಲೆ ಮೊಟ್ಟೆ ಇಡಿಸಿ ಒಂದು ತಟ್ಟೆಯಷ್ಟು ಸಾಕಿದೆ. ಸಿಬಿ ಮೊಟ್ಟೆ ಉಳಿಸ್ಕೊಂಡ್ರೆ ಬೆಳೆ ಕೆಡುತ್ತೆ ಕಣೋ ಅಂತ ಅಜ್ಜಿ ಆಗ್ಲೇ ಹೇಳಿದ್ರು. ಹಂಗೇ ಆಯ್ತು. ಅರ್ಧ ಹುಳ ಜ್ವರಕ್ಕೆ (ಪೊರೆ ಬಿಡೋಕೆ) ಹೋಗಿದ್ರೆ ಇನ್ನರ್ಧ ಇನ್ನೂ ಸೊಪ್ಪು ತಿಂತಾ ಇತ್ತು, ಹಣ್ಣಾಗೋದ್ರಲ್ಲೇ (ಗೂಡು ಕಟ್ಟೋಕೆ ತಯಾರಾಗೋದ್ರಲ್ಲೇ) 4 ದಿನ ಹಿಂದೆ ಮುಂದೆ, ಚಂದ್ರಿಕೆ (ಹುಳ ಗೂಡು ಕಟ್ಟೋ ತಟ್ಟಿ) ಬಿಡಿಸಿದ್ರೆ 61 ಗೂಡಲ್ಲಿ 15 ಅಚ್ಚ ಬಿಳಿ, ಉಳಿದದ್ದು ಹಳದಿನೇ ಆದ್ರೂ ಒಂದೊಂದು ಒಂದೊಂದು ಬಣ್ಣ. ಅಪ್ಪ ಅಮ್ಮ ಇಬ್ರೂ ಹಳದಿ ಗೂಡಿನವ್ರು, ಬಿಳಿ ಎಲ್ಲಿಂದ ಬಂತು?

ಬಯಾಲಜಿ_ಮೇಡಂ:
ಮಗು, 61ರಲ್ಲಿ 15 ಅಂದ್ರೆ ಹೆಚ್ಚುಕಮ್ಮಿ ನಾಲ್ಕರಲ್ಲೊಂದು! 1906ರಲ್ಲಿ ಜಪಾನಿನ ವಿಜ್ಞಾನಿ ತೋಯಾಮಾ ಹಳದಿ ಗೂಡಿನ ತಳಿಗೂ ಬಿಳಿ ಗೂಡಿನ ತಳಿಗೂ ಕ್ರಾಸ್ ಮಾಡಿ ತೋರಿಸಿದ್ದೂ ಇದೇ ಲೆಕ್ಕಾನೇ, ಬಟಾಣಿಯಲ್ಲಿ ಮೆಂಡೆಲ್ ಕಂಡಿದ್ದು ಹುಳದಲ್ಲೂ ನಡೆಯುತ್ತೆ ಅಂತ.

ಈಗ ನಿನ್ನ ಹುಳನೇ ಇಟ್ಕೊಂಡು ನೋಡು. ರೇಷ್ಮೆಹುಳಕ್ಕೆ 28 ಜೊತೆ ವರ್ಣತಂತು, ಅಂದ್ರೆ 56. ಸಿಬಿ ಹುಳದ ಪ್ರತಿ ಜೊತೆಯಲ್ಲೂ ಒಂದು ಮೈಸೂರು ತಳಿ ಅಮ್ಮನದು, ಇನ್ನೊಂದು ಸಿಎಸ್‌ಆರ್2 ಅಪ್ಪನದು. ಎಲ್ಲಾ ಹುಳಕ್ಕೂ ಇದೇ ಕಥೆ, ಅದಕ್ಕೇ ಬೆಳೆ ಒಂದೇ ಸಮ ಬಂತು. ಆ ಹುಳದ ಚರ್ಮ, ಕರುಳು ಬೆಳೆಯುವಾಗ ನಡೆಯೋದು ಮೈಟಾಸಿಸ್, 56 ಇದ್ದದ್ದು 56ಆಗೇ ಉಳಿಯುತ್ತೆ, ಏನೂ ಕಲಸಿಹೋಗಲ್ಲ. ಕಲಸೋದು ಸಿಬಿ ಹುಳ ತನ್ನ ಮೊಟ್ಟೆ, ವೀರ್ಯಾಣು ಮಾಡುವಾಗ, ಅದೇ ಮಿಯೋಸಿಸ್. ಪ್ರತಿ ಜೊತೆಯಿಂದ ಒಂದೇ ಒಂದು ಹೋಗಬೇಕು, ಮೈಸೂರು ಅಜ್ಜಿದೋ ಸಿಎಸ್‌ಆರ್2 ತಾತಂದೋ ಅನ್ನೋದು ಜೊತೆಜೊತೆಗೂ ಬೇರೆ. 28 ಸಲ ನಾಣ್ಯ ಚಿಮ್ಮಿದ ಹಾಗೆ, ಸುಮಾರು 26.8 ಕೋಟಿ ಥರ ಬರಬಹುದು. ಬಣ್ಣದ ವಿಷಯದಲ್ಲಿ ಸಿಎಸ್‌ಆರ್2 ತಾತನ ಬಿಳಿ ಗುಣ ಹಳದಿ ಕೆಳಗೆ ಅಡಗಿ ಕೂತಿತ್ತು, ಎರಡು ಕಡೆಯಿಂದಲೂ ಬಿಳಿಯದೇ ಬಂದು ಸೇರಿದ ಹುಳ ಬಿಳಿ ಗೂಡು ಕಟ್ತು. ಹಳದಿಯಲ್ಲೇ ಬೇರೆಬೇರೆ ಛಾಯೆ ಇದ್ಯಲ್ಲ, ಬಣ್ಣಕ್ಕೆ ಒಂದಕ್ಕಿಂತ ಜಾಸ್ತಿ ಜೀನ್ ಇರೋದ್ರಿಂದ ಅದು.

ಕೋಠಿ_ಕೆಲಸದವ:
ಮೇಡಂ ಹೇಳಿದ್ದು ಸರಿ. ನಾನು ಬಿತ್ತನೆ ಕೋಠಿಲಿ (ರೈತರಿಗೆ ಹುಳದ ಮೊಟ್ಟೆ ತಯಾರಿಸೋ ಜಾಗ) 11 ವರ್ಷ ಕೆಲಸ ಮಾಡಿದೀನಿ, ನಮ್ಮ ಕೆಲಸ ಎಲ್ಲಾ ಇದ್ರ ಮೇಲೇ ನಿಂತಿರೋದು. ಮಾಗಡಿ, ಕುಣಿಗಲ್ ಕಡೆಯಿಂದ ಮೈಸೂರು ತಳಿ ಬಿತ್ತನೆ ಗೂಡು ಬರುತ್ತೆ, ಗೂಡು ಕೊಯ್ದು ಪ್ಯೂಪಾ (ಚಿಟ್ಟೆ ಆಗೋ ಮುಂಚೆ ಗೂಡಲ್ಲಿರೋ ಹುಳ) ತಿರುಗಿಸಿ ನೋಡ್ತೀವಿ, ಬಾಲದ ಹತ್ರ ಹೆಣ್ಣಿಗೆ ಗುಣಾಕಾರ ಚಿಹ್ನೆ ಥರ ಗೆರೆ, ಗಂಡಿಗೆ ಒಂದು ಚುಕ್ಕೆ. ಬೇರೆ ಮಾಡದೇ ಬಿಟ್ರೆ ಅದ್ರದ್ರಲ್ಲೇ ಜೋಡಿ ಆಗ್ಬಿಡುತ್ತೆ, ಮಿಶ್ರತಳಿ ಮೊಟ್ಟೆ ಸಿಗಲ್ಲ. ಶುದ್ಧ ತಳಿ ಎರಡೂ ಕಾಪಾಡ್ಕೊಂಡು ಪ್ರತಿ ಸಲ ಹೊಸದಾಗೇ ಕ್ರಾಸ್ ಮಾಡ್ಬೇಕು. ತಮ್ಮಾ, ನೀನು ಉಳಿಸಿದ ಮೊಟ್ಟೆಲಿ ಆ ಮಿಶ್ರದ ಕಸುವು ಅರ್ಧಕ್ಕೆ ಇಳಿದಿರುತ್ತೆ, ಹುಳ ಹಿಂದೆ ಮುಂದೆ ಆಗೋದೂ ಅದಕ್ಕೇ. ಇನ್ನೊಂದು, ಮೈಸೂರು ತಳೀನೇ ಅಮ್ಮ ಯಾಕೆ ಅಂದ್ರೆ ಮೊಟ್ಟೆ ನಿದ್ದೆಗೆ (ತಿಂಗಳುಗಟ್ಟಲೆ ಒಡೆಯದೇ ಇರೋದು) ಹೋಗುತ್ತಾ ಇಲ್ವಾ ಅನ್ನೋದು ತಾಯಿ ಕಡೆಯಿಂದ ಬರುತ್ತೆ, ಮೈಸೂರು ಹೆಣ್ಣು ಇಟ್ಟ ಮೊಟ್ಟೆ ಸುಮಾರು 10 ದಿನಕ್ಕೆ ಒಡೆಯುತ್ತೆ.

ರಾಮನಗರ_ರೀಲರ್:
ಹಾಗಾದ್ರೆ ಹುಳದ ನೂಲಿನ ಗ್ರಂಥಿ ಅಷ್ಟು ದಪ್ಪ ಆಗೋದು ಮೈಟಾಸಿಸ್ ಜಾಸ್ತಿ ಆಗಿ ತಾನೇ?

ಬಯಾಲಜಿ_ಮೇಡಂ:
ಇಲ್ಲ ಸರ್, ಇದು ನನಗೆ ತುಂಬಾ ಇಷ್ಟವಾದ ವಿಷಯ. ಆ ಗ್ರಂಥಿಯ ಕೋಶಗಳ ಸಂಖ್ಯೆ ಹುಳ ಮೊಟ್ಟೆಯೊಳಗಿರುವಾಗಲೇ ನಿಂತುಹೋಗುತ್ತೆ. ಆಮೇಲೆ ಕೋಶ ಒಡೆಯೋದೇ ಇಲ್ಲ, ಒಳಗಿನ ಡಿಎನ್‌ಎ ಮಾತ್ರ ಮತ್ತೆ ಮತ್ತೆ ದುಪ್ಪಟ್ಟಾಗ್ತಾ ಹೋಗಿ ಕೋಶಕೇಂದ್ರ ಮರದ ಕೊಂಬೆ ಥರ ಕವಲೊಡೆಯುತ್ತೆ. ಅಷ್ಟೊಂದು ಪ್ರತಿ ಇದ್ರೇನೇ ಹುಳದ ಕೊನೇ, ಅಂದ್ರೆ 5ನೇ ಹಂತದ ಆ ಕೆಲವೇ ದಿನದಲ್ಲಿ ಅಷ್ಟು ರೇಷ್ಮೆ ಪ್ರೋಟೀನ್ ಮಾಡೋಕಾಗೋದು.

ಸೊಪ್ಪಿನ_ತೋಟ:
ಮೇಡಂ ಈಗ ಗೊತ್ತಾಯ್ತು, ಅರ್ಧ ಆಗೋದು ಅಂದ್ರೆ ಬರೀ ಸಂಖ್ಯೆ ಅಲ್ಲ, ಯಾವ ಅರ್ಧ ಅನ್ನೋದು. ಅಜ್ಜಿಗೆ ಹೇಳ್ದೆ, ನಾಣ್ಯ ಚಿಮ್ಮಿ ತೋರಿಸ್ದೆ. ಇನ್ನೊಂದು ಡೌಟು, ಆ 15 ಬಿಳಿ ಗೂಡಲ್ಲಿ 6 ಎತ್ತಿಟ್ಟಿದೀನಿ, ಬಿಳಿಗೆ ಬಿಳಿ ಜೋಡಿ ಮಾಡಿದ್ರೆ ಎಲ್ಲಾ ಬಿಳಿನೇ ಬರ್ಬೇಕಲ್ವಾ?

ಬಯಾಲಜಿ_ಮೇಡಂ:
ಬಣ್ಣದಲ್ಲಿ ಹೌದು, ಬಿಳಿನೇ ಬರ್ಬೇಕು. ಆದ್ರೆ ಹಣ್ಣಾಗೋ ದಿನ, ಗೂಡಿನ ತೂಕ ಇವೆಲ್ಲ ಬೇರೆ ಜೀನ್‌ಗಳದ್ದು, ಅವು ಇನ್ನೂ ಚೆಲ್ಲಾಪಿಲ್ಲಿ ಇರುತ್ತೆ. ಸಾಕಿ ನೋಡು, ಬರ್ಕೋ, ಎಣಿಸಿದ ಮೇಲೆ ಇಲ್ಲೇ ಹಾಕು.